ಪದಚರ್ಚೆ: ಶೌರ್ಯ ಪದಕದ ‘ಬಾರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ಶಾಲೆಗೆ ಸೈನಿಕರ ಶೌರ್ಯ ಪದಕಗಳ ಬಗ್ಗೆ ಫಲಕ ಮಾಡುತ್ತಿದ್ದೇವೆ. ಪ್ರತಿ ಪದಕದ ದೊಡ್ಡ ಚಿತ್ರ, ಅದರ ಕೆಳಗೆ ಐದಾರು ಸಾಲು ವಿವರಣೆ. ಓದುವವರು ಏಳೆಂಟನೇ ತರಗತಿ ಮಕ್ಕಳು, ಹಾಗಾಗಿ ಒಂದೊಂದು ಪದವೂ ನೇರವಾಗಿ ತಿಳಿಯಬೇಕು. ಪದಕ, ಶೌರ್ಯ, ಮರಣೋತ್ತರ ಇವೆಲ್ಲ ಈಗಾಗಲೇ ಬಳಕೆಯಲ್ಲಿವೆ. ಮುಂಬದಿ, ಹಿಂಬದಿಗೆ ಮುಮ್ಮೈ, ಹಿಮ್ಮೈ ಚೆನ್ನಾಗಿ ಒಪ್ಪುತ್ತವೆ. ತೊಡಕಾಗಿರುವುದು ‘ಬಾರ್’.

ಈ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಬರುತ್ತದೆ. ಪದಕದ ನೆತ್ತಿಯ ಮೇಲೆ ಒಂದು ಅಡ್ಡ ಕಡ್ಡಿ ಇರುತ್ತದಲ್ಲ, ರಿಬ್ಬನ್ ಅದರೊಳಗಿಂದ ಹಾದು ಪದಕ ತೂಗುತ್ತದಲ್ಲ, ಅದೂ ಬಾರ್. ಅದೇ ಪದಕ ಅದೇ ಸೈನಿಕನಿಗೆ ಇನ್ನೊಮ್ಮೆ ಸಂದರೆ ಎರಡನೇ ಪದಕ ಕೊಡುವುದಿಲ್ಲ, ಮೊದಲಿನ ರಿಬ್ಬನ್ ಮೇಲೆ ಒಂದು ಸಣ್ಣ ಲೋಹದ ಪಟ್ಟಿ ಸೇರಿಸುತ್ತಾರೆ, ಅದೂ ಬಾರ್. ಇನ್ನು ಪದಕ ತೊಡದ ದಿನ ಯೂನಿಫಾರ್ಮಿನ ಎಡ ಎದೆಯ ಮೇಲೆ ಬಣ್ಣ ಬಣ್ಣದ ತುಂಡುಗಳ ಸಾಲು ಕಾಣುತ್ತದೆ, ಅದು ರಿಬ್ಬನ್ ಬಾರ್. ಮೊದಲನೆಯದಕ್ಕೆ ‘ತೂಗುಕಡ್ಡಿ’, ಮೂರನೆಯದಕ್ಕೆ ‘ರಿಬ್ಬನ್ ಸಾಲು’ ಅಂತ ಬರೆದಿದ್ದೇನೆ. ನಡುವಿನದ್ದೇ ಮುಖ್ಯ, ಅದಕ್ಕೇ ಪದ ಕೂಡಿಬರುತ್ತಿಲ್ಲ.

ಯಾಕೆ ಮುಖ್ಯ ಅಂದರೆ, ಅದು ಇಲ್ಲದಿದ್ದರೆ ಮನುಷ್ಯನ ಅರ್ಧ ಕಥೆ ಬಿಟ್ಟುಹೋಗುತ್ತದೆ. ವಾಯುಪಡೆಯ ಜಗಮೋಹನ ನಾಥ್ ಅವರಿಗೆ 1962ರ ಯುದ್ಧಕ್ಕೆ ಒಮ್ಮೆ, 1965ರ ಯುದ್ಧಕ್ಕೆ ಇನ್ನೊಮ್ಮೆ ಮಹಾವೀರ ಚಕ್ರ ಬಂತು. ‘ಮಹಾವೀರ ಚಕ್ರ ಮತ್ತು ಬಾರ್’ ಅಂತ ಬರೆದರೆ ನಮ್ಮ ಮಗುವಿಗೆ ಏನೂ ತಿಳಿಯುವುದಿಲ್ಲ, ಬಾರ್ ಅಂದರೆ ಅವರಿಗೆ ಗೊತ್ತಿರುವುದು ಬೇರೆಯೇ. ‘ಎರಡು ಮಹಾವೀರ ಚಕ್ರ’ ಅಂದರೆ ಅರ್ಥ ಆಗುತ್ತದೆ, ಆದರೆ ಎದೆಯ ಮೇಲೆ ಎರಡು ಪದಕ ತೂಗುತ್ತಿದ್ದವು ಅಂದುಕೊಳ್ಳುತ್ತಾರೆ. ‘ಮರುಪಟ್ಟಿ’ ಅಂತ ಹೊಸದಾಗಿ ಕಟ್ಟಿ ನೋಡಿದೆ. ನಿವೃತ್ತ ಸುಬೇದಾರರೊಬ್ಬರಿಗೆ ಕೇಳಿದರೆ ಅವರು, “ಬಾರ್ ಅಂದ್ರ ಬಾರ್ ರೀ ಸರ, ನಾವೆಲ್ಲಾ ಹಂಗ ಅಂತಿದ್ವಿ. ನೀವು ಹುಡುಗರಿಗೆ ತಿಳಿಯೂ ಹಂಗ ಏನರ ಬರೀರಿ, ಆದ್ರ ಬಿಟ್ಟು ಮಾತ್ರ ಬಿಡಬ್ಯಾಡ್ರಿ” ಅಂದರು. ಆ ಮಾತು ನನಗೆ ಸರಿ ಅನ್ನಿಸಿತು.

ಫಲಕ ಬರೆಯುತ್ತಾ ಹೋದಂತೆ ಸಿಕ್ಕ ಬೇರೆ ಕೆಲವು ವಿಷಯಗಳನ್ನೂ ಇಲ್ಲೇ ಇಡುತ್ತೇನೆ.

ಪರಮವೀರ ಚಕ್ರದ ಮುಮ್ಮೈಯಲ್ಲಿ ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಅಚ್ಚುಗಳು. ಇದನ್ನು ‘ನಾಲ್ಕು ವಜ್ರಗಳಿವೆ’ ಅಂತ ಬರೆದರೆ ಹರಳು ಕೂರಿಸಿದ್ದಾರೆ ಅಂತಲೇ ಓದಿಕೊಳ್ಳುತ್ತಾರೆ. ‘ಆಯುಧ’ ಅನ್ನೋ ಪದ ಬಿಡಲೇಬಾರದು. ಈ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತದ ಸೇನಾಧಿಕಾರಿಯನ್ನು ಮದುವೆಯಾಗಿ, ಇಲ್ಲಿನ ಪುರಾಣಗಳನ್ನು ಆಳವಾಗಿ ಓದಿಕೊಂಡವರು. ವಜ್ರಾಯುಧ ಆಗಲಿ ಅಂತ ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆ ಗೊತ್ತಿದ್ದರೆ, ಪ್ರಾಣ ಕೊಟ್ಟವರ ಪದಕದ ಮೇಲೆ ಅದು ಯಾಕಿದೆ ಅನ್ನೋದು ವಿವರಣೆ ಇಲ್ಲದೇ ಮನಸ್ಸಿಗೆ ತಟ್ಟುತ್ತದೆ ಅಲ್ವಾ? ಇದುವರೆಗೆ ಪರಮವೀರ ಚಕ್ರ ಪಡೆದ 21 ಜನರಲ್ಲಿ 14 ಜನರಿಗೆ ಅದು ಮರಣೋತ್ತರವಾಗಿ ಬಂದದ್ದು.

ಇನ್ನೊಂದು ತೊಡಕು ‘ಕಂಚು’. ಪರಮವೀರ ಚಕ್ರ ಕಂಚಿನದು. ಅದರ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರ ಎರಡೂ ಬೆಳ್ಳಿಯವು. ಆದರೆ ‘ಕಂಚಿನ ಪದಕ’ ಅಂದ ತಕ್ಷಣ ಓಟದ ಪಂದ್ಯದ ಮೂರನೇ ಸ್ಥಾನವೇ ಕಣ್ಣಿಗೆ ಬರುತ್ತದೆ. ಹಾಗಾಗಿ ‘ಕಂಚಿನಲ್ಲಿ ಮಾಡಿದ, ಎಲ್ಲಕ್ಕಿಂತ ಮೇಲಿನ ಪದಕ’ ಅಂತ ಬಿಡಿಸಿ ಬರೆದೆ. ಯುದ್ಧಭೂಮಿಯ ಹೊರಗೆ ತೋರಿದ ಶೌರ್ಯಕ್ಕೆ ಕೊಡುವ ಅಶೋಕ ಚಕ್ರದ ಸಾಲಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಅಶೋಕ ಚಕ್ರಕ್ಕೆ ಚಿನ್ನದ ಲೇಪ, ಕೀರ್ತಿ ಚಕ್ರ ಬೆಳ್ಳಿಯದು, ಶೌರ್ಯ ಚಕ್ರ ಕಂಚಿನದು. ಮೂರಕ್ಕೂ ಹಸಿರು ರಿಬ್ಬನ್, ಕೇಸರಿ ಗೆರೆ ಮಾತ್ರ ಕ್ರಮವಾಗಿ ಒಂದು, ಎರಡು, ಮೂರು. ಗೆರೆ ಜಾಸ್ತಿ ಆದಷ್ಟೂ ದರ್ಜೆ ಕಡಿಮೆ. ಇದನ್ನು ಮಕ್ಕಳಿಗೆ ಹೇಳಲೇಬೇಕು, ಸುಮ್ನೆ ನೋಡಿದರೆ ಮೂರು ಗೆರೆಯದ್ದೇ ದೊಡ್ಡದು ಅನ್ನಿಸುತ್ತದೆ.

ಹೆಸರು ಬಿಡಿಸಿ ಬರೆಯುವುದರಲ್ಲೂ ಒಂದೊಂದು ಪತ್ರಿಕೆ ಒಂದೊಂದು ರೀತಿ. ‘ಪರಮ ವೀರ ಚಕ್ರ’, ‘ಪರಮವೀರ ಚಕ್ರ’, ‘ಪರಮವೀರಚಕ್ರ’ ಮೂರೂ ನೋಡಿದ್ದೇನೆ. ನಾನು ‘ಪರಮವೀರ ಚಕ್ರ’ಕ್ಕೇ ಅಂಟಿಕೊಂಡಿದ್ದೇನೆ. ಹಾಗೇ ‘ಮಹಾವೀರ ಚಕ್ರ’ ಅಂತ ಕೂಡಿಸಿ ಬರೆದರೆ, ಮಹಾವೀರ ಜಯಂತಿ ಆಚರಿಸುವ ನಮ್ಮ ಊರುಗಳಲ್ಲಿ ಇದು ತೀರ್ಥಂಕರರ ಹೆಸರಿನ ಗೌರವವಾ ಅಂತ ಮಕ್ಕಳು ಕೇಳುತ್ತಾರೆ, ಕೇಳಿದ್ದಾರೆ ಕೂಡ. ಬಿಡಿಸಿ ‘ಮಹಾ ವೀರ ಚಕ್ರ’ ಅಂದರೆ ಈ ಗೊಂದಲ ಇರುವುದಿಲ್ಲ. ಆದರೆ ಆಗ ಪರಮವೀರವನ್ನೂ ಬಿಡಿಸಬೇಕಾಗುತ್ತದೆ. ನಿಮ್ಮಲ್ಲಿ ಕರಡು ತಿದ್ದುವ ಕೆಲಸ ಮಾಡುವವರು ಯಾವುದನ್ನು ಇಟ್ಟುಕೊಳ್ಳುತ್ತೀರಿ?

‘ವಿಜೇತ’ ಅನ್ನೋ ಪದವನ್ನು ನಾನಂತೂ ತೆಗೆದುಹಾಕಿದ್ದೇನೆ. ‘ಪರಮವೀರ ಚಕ್ರ ವಿಜೇತ’ ಅಂತ ಎಲ್ಲ ಕಡೆ ಬರೆಯುತ್ತಾರೆ. ಗೆಲ್ಲೋಕೆ ಇದು ಸ್ಪರ್ಧೆ ಅಲ್ಲ. 1947ರ ನವೆಂಬರ್ 3ರಂದು ಬಡ್‌ಗಾಮ್‌ನಲ್ಲಿ ಮಡಿದ, ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮ ಏನನ್ನೂ ಗೆಲ್ಲಲು ಹೋದವರಲ್ಲ, ಆ ಪದಕ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಅದನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ‘ಪಡೆದವರು’ ಸಾಕು, ‘ಪುರಸ್ಕೃತರು’ ಮಕ್ಕಳಿಗೆ ಭಾರ.

ನಮ್ಮ ಜಿಲ್ಲೆಯವರ ಫಲಕವೂ ಇದೆ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಸಿಲುಕಿದ್ದವರು. ಅವರಿಗೆ ಮರಣೋತ್ತರವಾಗಿ ಬಂದದ್ದನ್ನು ಇಲ್ಲಿ ಜನ ‘ಸೇನಾ ಪದಕ’ ಅಂತಾರೆ, ‘ಸೇನಾ ಮೆಡಲ್’ ಅಂತಲೂ ಅಂತಾರೆ. ಮುಮ್ಮೈಯಲ್ಲಿ ಮೇಲ್ಮುಖವಾದ ಬಯೊನೆಟ್, ಹಿಮ್ಮೈಯಲ್ಲಿ ನಿಂತ ಸೈನಿಕ, ಕೆಂಪು ರಿಬ್ಬನ್ನಿನ ನಡುವೆ ಬಿಳಿ ಗೆರೆ. ಬಯೊನೆಟ್‌ಗೆ ‘ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ’ ಅಂತ ಬರೆದೆ. ‘ಸನೀನು’ ಅಂತ ಹಳೇ ಪದ ಇದೆ, ಈಗಿನ ಮಕ್ಕಳಿಗೆ ಅದು ತಿಳಿಯುತ್ತದಾ?

ಕೊನೆಯದಾಗಿ, 1967ಕ್ಕೆ ಮೊದಲು ಕೀರ್ತಿ ಚಕ್ರಕ್ಕೆ ‘ಅಶೋಕ ಚಕ್ರ 2ನೇ ದರ್ಜೆ’, ಶೌರ್ಯ ಚಕ್ರಕ್ಕೆ ‘3ನೇ ದರ್ಜೆ’ ಅಂತ ಹೆಸರಿತ್ತು. ಆ ಕಾಲದಲ್ಲಿ ಪಡೆದವರ ಬಗ್ಗೆ ಬರೆಯುವಾಗ ಹಳೇ ಹೆಸರು ಮೊದಲು ಕೊಟ್ಟು ‘ಈಗಿನ ಕೀರ್ತಿ ಚಕ್ರ’ ಅಂತ ಸೇರಿಸುವುದು ಸರಿ ಅಂತ ನನ್ನ ಅನಿಸಿಕೆ. ಬೇರೆ ಅಭಿಪ್ರಾಯ ಇದ್ದರೆ ಹೇಳಿ. ಮತ್ತೆ ಆ ನಡುವಿನ ಬಾರ್‌ಗೆ ‘ಮರುಪಟ್ಟಿ’ಗಿಂತ ಒಳ್ಳೇ ಪದ ಹೊಳೆದರೆ ದಯವಿಟ್ಟು ಬೇಗ ಬರೆಯಿರಿ, ಫಲಕಗಳು ಇನ್ನೂ ಪ್ರಿಂಟಿಗೆ ಹೋಗಿಲ್ಲ.