ಕ್ರಿಸ್ಮಸ್ ಕಾಲುಚೀಲಕ್ಕೆ ಏನು ತುಂಬಿಸುವುದು? ಪುಟ್ಟ ಮಕ್ಕಳ ಮನೆಯವರ ಪ್ರಶ್ನೆಗಳಿಗೆ ಉತ್ತರ

ಗುಂಪಿನ ನಿರ್ವಾಹಕರು: ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ನಕ್ಷತ್ರ, ಕುಸ್ವಾರ್ (ಹಬ್ಬದ ತಿಂಡಿಗಳು) ನಮ್ಮ ಕಡೆಯ ಕ್ರಿಸ್ಮಸ್‌ನಲ್ಲಿ ಮೊದಲಿನಿಂದಲೂ ಉಂಟು. ಕಾಲುಚೀಲ ತೂಗುಹಾಕುವುದು ಈಚೆಗೆ ಬಂದದ್ದು. ಹಾಗಾಗಿ ಅದರೊಳಗೆ ಏನು ಹಾಕಬೇಕು ಎಂದು ತುಂಬ ಜನ ಕೇಳ್ತಾ ಇದ್ದಾರೆ. ಈ ವಾರ ಕಾಸರಗೋಡಿನ ಮಕ್ಕಳ ವೈದ್ಯೆಯೊಬ್ಬರು, ಕುಂಬಳೆಯ ಆಟಿಕೆ ಅಂಗಡಿಯವರು ಮತ್ತು ಒಬ್ಬರು ಅಂಗನವಾಡಿ ಟೀಚರ್ ಉತ್ತರಿಸ್ತಾರೆ.

ಪ್ರಶ್ನೆ (ಬೇಳ): ಡಾಕ್ಟ್ರೇ, ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಒಂದು ವರ್ಷ ನಾಲ್ಕು ತಿಂಗಳು. ತಲಾ 300 ರೂಪಾಯಿ ಎಂದು ಇಟ್ಟುಕೊಂಡಿದ್ದೇವೆ. ಅಂಗಡಿಯಲ್ಲಿ 20 ಸಣ್ಣ ಸಾಮಾನು ಇರುವ ರೆಡಿ ಪ್ಯಾಕ್ ಸಿಗ್ತದೆ. ಅದು ಆಗಬಹುದಾ?

ಮಕ್ಕಳ ವೈದ್ಯೆ: ಆ ಪ್ಯಾಕ್ ಬೇಡ. ಎರಡೂ ಚೀಲಗಳಿಗೆ ಸಾಮಾನು ಆರಿಸುವಾಗ ಚಿಕ್ಕವನ ವಯಸ್ಸನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಕ್ಕನ ಚೀಲದಿಂದ ಬಿದ್ದದ್ದು ಐದು ನಿಮಿಷದಲ್ಲಿ ತಮ್ಮನ ಬಾಯಲ್ಲಿರ್ತದೆ. ಹಬ್ಬದ ಬೆಳಿಗ್ಗೆ ಮನೆ ತುಂಬ ನೆಂಟರಿದ್ದರೂ ನೆಲದ ಮೇಲೆ ಕಣ್ಣಿಟ್ಟವರು ಯಾರೂ ಇರುವುದಿಲ್ಲ.

ಮನೆಯಲ್ಲೇ ಒಂದು ಅಳತೆಕೊಳವೆ ಮಾಡಿಕೊಳ್ಳಿ. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಿಂದ 11 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ತುದಿಯಿಂದ 1 ಸೆಂ.ಮೀ. ಬಿಟ್ಟು ಗೆರೆ ಎಳೆದು, ಇನ್ನೊಂದು ತುದಿಯನ್ನು ಆ ಗೆರೆಗೆ ಸರಿಯಾಗಿ ತಂದು ಅಂಟಿಸಿ. ಸುತ್ತಳತೆ 10 ಸೆಂ.ಮೀ. ಆದಾಗ ಒಳಗಿನ ಅಗಲ ಸುಮಾರು 32 ಮಿ.ಮೀ. ಬರ್ತದೆ. ಆಟಿಕೆ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ವ್ಯಾಸ 31.7 ಮಿ.ಮೀ., ಹೆಚ್ಚೆಂದರೆ ಆಳ 57.1 ಮಿ.ಮೀ.; ಪುಟ್ಟ ಮಗುವಿನ ಬಾಯಿ ಮತ್ತು ಗಂಟಲಿನ ಅಳತೆ ನೋಡಿ ನಿಗದಿ ಮಾಡಿದ್ದು. ಒತ್ತದೆ, ಯಾವ ಮಗ್ಗುಲಲ್ಲಿ ಹಾಕಿದರೂ ಸರಿ, ಪೂರ್ತಿ ಒಳಗೆ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಬೇಡ. ಇಡೀ ಆಟಿಕೆ ದೊಡ್ಡದಿದ್ದರೆ ಸಾಲದು. ಕಾರಿನ ಚಕ್ರ, ಗೊಂಬೆಯ ಕಣ್ಣು, ಪೆನ್ನಿನ ಮುಚ್ಚಳ, ಎಲ್ಲವನ್ನೂ ಜೋರಾಗಿ ಎಳೆದು ನೋಡಿ. ಕಳಚಿ ಬಂದದ್ದನ್ನೂ ಕೊಳವೆಗೆ ಹಾಕಿ.

ನಿಮ್ಮ ಚಿಕ್ಕವನಿಗೆ ರಟ್ಟಿನ ಹಾಳೆಯ ಚಿತ್ರಪುಸ್ತಕ ಒಂದು, ಒಂದರೊಳಗೊಂದು ಕೂರುವ ಮೂರು ಸ್ಟೀಲ್ ಲೋಟ (ಅಂಚು ಮಡಚಿದ್ದು), ಮುಷ್ಟಿಗಿಂತ ದೊಡ್ಡ ಬಟ್ಟೆಯ ಚೆಂಡು, ಹೊಸ ಸಾಕ್ಸ್. ಅಷ್ಟು ಸಾಕು. ಲೋಟಗಳಲ್ಲೇ ಅವನು ಹೆಚ್ಚು ಹೊತ್ತು ಆಡ್ತಾನೆ. ದೊಡ್ಡವಳಿಗೆ ಸ್ಲೇಟು, ಸ್ಕಿಪ್ಪಿಂಗ್ ಹಗ್ಗ, ಚಿತ್ರಪುಸ್ತಕ, ದಪ್ಪ ಕ್ರೇಯಾನ್. ಹಗ್ಗವನ್ನು ಆಟ ಮುಗಿದ ಕೂಡಲೇ ಎತ್ತಿಡಿ. ಹರಿವೆ ಬೀಜದ ಪೊಟ್ಟಣವೂ ಒಳ್ಳೆಯದು, ಚಟ್ಟಿಯಲ್ಲಿ ಹಾಕಿದರೆ ಒಂದು ವಾರದೊಳಗೆ ಮೊಳಕೆ ಕಾಣ್ತದೆ. ಅಲಸಂಡೆ, ಬಟಾಣಿಯಂಥ ದೊಡ್ಡ ಬೀಜ ಬೇಡ. ಚಿಕ್ಕವರು ಮೂಗಿಗೆ ತುರುಕಿಕೊಳ್ತಾರೆ, ಒಳಗೆ ನೀರು ಹೀರಿ ಉಬ್ಬಿ ತೆಗೆಯಲಿಕ್ಕೆ ಕಷ್ಟವಾಗ್ತದೆ.

ಅದೇ ಪ್ರಶ್ನೆಗೆ ಸೇರಿಸಿ (ಬೇಳ): ಚೆಂಡು ಕೊಳವೆಯಲ್ಲಿ ಇಳಿಯದಿದ್ದರೆ ಸಾಕಲ್ವಾ? ಟೇಬಲ್ ಟೆನಿಸ್ ಚೆಂಡು ಇಳಿಯುವುದಿಲ್ಲ.

ಮಕ್ಕಳ ವೈದ್ಯೆ: ಚೆಂಡಿಗೆ ಅಳತೆ ಬೇರೆ. ದುಂಡಗಿನ ವಸ್ತು ಗಂಟಲನ್ನು ಸುತ್ತಲೂ ಮುಚ್ಚುತ್ತದೆ, ಗಾಳಿಗೆ ಸಂದು ಉಳಿಯುವುದಿಲ್ಲ. ಅದಕ್ಕೇ 44.5 ಮಿ.ಮೀ.ಗಿಂತ ದೊಡ್ಡದಿರಬೇಕು. ಚೆಂಡಿನ ಸುತ್ತ ನೂಲು ಸುತ್ತಿ ಅಳೆಯಿರಿ, 14 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಸರಿ. ಟೇಬಲ್ ಟೆನಿಸ್ ಚೆಂಡು 40 ಮಿ.ಮೀ., ಅದು ಬೇಡ. ಟೆನಿಸ್ ಚೆಂಡು ಆಗಬಹುದು.

ಪ್ರಶ್ನೆ (ಮಂಜೇಶ್ವರ): ಬಾವ ದುಬೈಯಿಂದ ಬರ್ತಾ ಬೆರಳಿಗೆ ಸಿಕ್ಕಿಸುವ ಲೈಟು, ಮಿನುಗುವ ಸಾಂಟಾ ಬ್ಯಾಜು, ತೆರೆದರೆ ಹಾಡುವ ಕಾರ್ಡು ತಂದಿದ್ದಾರೆ. ಮಗಳಿಗೆ ಮೂರು ವರ್ಷ. ಚೀಲಕ್ಕೆ ಹಾಕಬಹುದಾ ಡಾಕ್ಟ್ರೇ?

ಮಕ್ಕಳ ವೈದ್ಯೆ: ಹಾಕಬೇಡಿ. ದಯವಿಟ್ಟು ಈ ಮೂರನ್ನೂ ಇವತ್ತೇ ಮಗುವಿನ ಕೈಗೆ ಸಿಗದ ಹಾಗೆ ಮಾಡಿ. ಈ ಮೂರರ ಒಳಗೂ ಗುಂಡಿ ಬ್ಯಾಟರಿ, ಅಂದರೆ ಅಂಗಿಯ ಗುಂಡಿಯಂಥ ಸಣ್ಣ ಚಪ್ಪಟೆ ಬ್ಯಾಟರಿ ಇರ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಹಿಡಿದಿರುವುದು ಉಗುರಿನಲ್ಲಿ ತೆಗೆಯಬಹುದಾದ ಪ್ಲಾಸ್ಟಿಕ್ ಮುಚ್ಚಳ ಅಥವಾ ಬರೀ ಅಂಟು. ಗೋದಲಿಯಲ್ಲಿ ಇಡುವ ಬ್ಯಾಟರಿ ಮೇಣದಬತ್ತಿಯೂ ಅದೇ ಜಾತಿ.

ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುತ್ತಲಿನ ಒದ್ದೆ ಚರ್ಮದ ಮೂಲಕ ವಿದ್ಯುತ್ ಹರಿಯಲು ಶುರುವಾಗ್ತದೆ. ಅದರ ಋಣ ಬದಿಯಲ್ಲಿ ಕ್ಷಾರ ಹುಟ್ಟಿ ಮಾಂಸ ಸುಡ್ತದೆ. ಎರಡು ಗಂಟೆಯೊಳಗೆ ಗಂಭೀರ ಗಾಯ ಆಗಬಹುದು. ಬ್ಯಾಟರಿ ಒಡೆಯಬೇಕಂತಿಲ್ಲ, ಸೋರಬೇಕಂತಿಲ್ಲ. ಲೈಟು ಉರಿಯದ ಹಳೆಯ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರ್ತದೆ. ಎಲ್ಲಕ್ಕಿಂತ ಅಪಾಯ 20 ಮಿ.ಮೀ. ಅಗಲದ 3 ವೋಲ್ಟಿನ ಸಿಆರ್ 2032. ಸಣ್ಣ ಮಕ್ಕಳ ಅನ್ನನಾಳದಲ್ಲಿ ಅದು ಸರಿಯಾಗಿ ಕಚ್ಚಿಕೊಳ್ತದೆ.

ನುಂಗಿದ್ದು ಯಾರೂ ನೋಡದಿದ್ದರೆ ಗೊತ್ತಾಗುವುದು ಕಷ್ಟ. ಜೊಲ್ಲು ಸುರಿಯುವುದು, ಊಟ ಬೇಡ ಎನ್ನುವುದು, ಕೆಮ್ಮು, ವಾಂತಿ. ಕೆಲವರಿಗೆ ಏನೂ ಇರುವುದಿಲ್ಲ. ಸಂಶಯ ಬಂದರೆ ಸಾಕು, ಕೂಡಲೇ ಹೊರಡಿ, ಎಕ್ಸ್‌ರೇ ತೆಗೆಸಿ. ನಾಣ್ಯ ಇರಬಹುದು, ನಾಳೆ ಕಕ್ಕಸಿನಲ್ಲಿ ಹೋಗ್ತದೆ ಎಂದು ಕಾಯಬೇಡಿ. ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಎರಡು ಉಂಗುರದ ಹಾಗೆ ಕಾಣ್ತದೆ, ನಾಣ್ಯ ಹಾಗಲ್ಲ. ವಾಂತಿ ಮಾಡಿಸಬೇಡಿ. ಊಟ ಕೊಡಬೇಡಿ. ನುಂಗಿ 12 ಗಂಟೆ ಆಗಿಲ್ಲ, ಮಗುವಿಗೆ ಒಂದು ವರ್ಷ ದಾಟಿದೆ, ನುಂಗಲಿಕ್ಕೆ ಆಗ್ತದೆ ಎಂದಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಹೆಚ್ಚೆಂದರೆ ಆರು ಸಲ. ಸುಡುವ ವೇಗ ಅದರಿಂದ ಕಡಿಮೆಯಾಗ್ತದೆ, ಬ್ಯಾಟರಿ ತೆಗೆಯುವುದು ಎಂಡೋಸ್ಕೋಪಿಯಿಂದಲೇ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ). ಜೇನು ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಮಂಜೇಶ್ವರದಿಂದ ನಿಮಗೆ ಮಂಗಳೂರು ಹತ್ತಿರ. ಹೊರಡುವ ಮೊದಲು ಫೋನ್ ಮಾಡಿ ಮಕ್ಕಳ ಎಂಡೋಸ್ಕೋಪಿ ಈಗ ಉಂಟಾ ಎಂದು ಕೇಳಿ, ಇರುವಲ್ಲಿಗೇ ನೇರ ಹೋಗಿ.

ತೆಗೆದ ಹಳೆಯ ಬ್ಯಾಟರಿಗೆ ಎರಡೂ ಬದಿ ಸೆಲ್ಲೋಟೇಪ್ ಸುತ್ತಿ ಆಮೇಲೆ ವಿಲೇವಾರಿ ಮಾಡಿ.

ಇದೇ ಪಟ್ಟಿಗೆ ಇನ್ನೆರಡು ಸೇರಿಸ್ತೇನೆ. ಒಂದು, ಮಿಂಚುವ ಸಣ್ಣ ಆಯಸ್ಕಾಂತದ ಗುಂಡುಗಳು. ಎರಡು ನುಂಗಿದರೆ ಕರುಳಿನ ಎರಡು ಸುರುಳಿಗಳ ನಡುವೆ ಒಂದನ್ನೊಂದು ಎಳೆದುಕೊಂಡು, ಮಧ್ಯೆ ಸಿಕ್ಕಿದ ಗೋಡೆಯನ್ನು ತೂತು ಮಾಡ್ತವೆ. ಇನ್ನೊಂದು, ನೀರಿನಲ್ಲಿ ಹಾಕಿದರೆ ದೊಡ್ಡದಾಗುವ ಬಣ್ಣದ ಜೆಲ್ ಮಣಿ. ಅದು ಹೊಟ್ಟೆಯೊಳಗೂ ಉಬ್ಬಿ ಕರುಳು ಕಟ್ತದೆ, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಊದದ ಬಲೂನು, ಬಲೂನಿಗೆ ಸಿಕ್ಕಿಸಿದ ಪೀಪಿ ಕೂಡ ಚೀಲದಲ್ಲಿ ಬೇಡ. ಮಕ್ಕಳು ಊದುವ ಮೊದಲು ಉಸಿರು ಒಳಗೆ ಎಳೀತಾರೆ, ಆ ಎಳೆತಕ್ಕೇ ಪೀಪಿ ಶ್ವಾಸನಾಳಕ್ಕೆ ಹೋಗ್ತದೆ.

ಆಟಿಕೆ ಅಂಗಡಿಯವರು (ಕುಂಬಳೆ): ಕೊಳ್ಳುವಾಗ ನೋಡಬೇಕಾದ್ದು ಹೇಳ್ತೇನೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಯಾದರೆ ಗುರುತಿನ ಮೇಲೆ ಐಎಸ್ 9873, ವಿದ್ಯುತ್ ಅಥವಾ ಬ್ಯಾಟರಿಯದ್ದಾದರೆ ಐಎಸ್ 15644 ಎಂದಿರ್ತದೆ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಕಂಪೆನಿಯ ಹೆಸರು ಬರ್ತದೆ. ಪೆಟ್ಟಿಗೆಯಲ್ಲಿರುವ ಹೆಸರಿಗೂ ಅದಕ್ಕೂ ತಾಳೆ ಆಗದಿದ್ದರೆ ಬಿಟ್ಟುಬಿಡಿ. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಸಿಇ ಎಂದಿದ್ದರೆ ಅದು ಯುರೋಪಿನ ಗುರುತು, ಐಎಸ್‌ಐಗೆ ಸಮ ಎಂದು ಲೆಕ್ಕ ಹಿಡಿಯುವುದು ಬೇಡ.

ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ, ಭೌಗೋಳಿಕ ಗುರುತು ಇರುವ ಚನ್ನಪಟ್ಟಣದ ಆಟಿಕೆಗೆ ಈ ಕಡ್ಡಾಯದಿಂದ ವಿನಾಯಿತಿ ಉಂಟು. ಹಾಗಾಗಿ ಅಲ್ಲಿ ನೀವೇ ಪರೀಕ್ಷಿಸಬೇಕು. ಒದ್ದೆ ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ, ಬಣ್ಣ ಬಂದರೆ ಬೇಡ. ತಿರುಗುವ ಬುಗುರಿಯ ಮೊಳೆ, ಸಣ್ಣ ಗೊಂಬೆಯ ತಲೆ ಡಾಕ್ಟ್ರು ಹೇಳಿದ ಕೊಳವೆಗೆ ಹಾಕಿ ನೋಡಿ. ಇಡೀ ಚೀಲಕ್ಕೆ 20 ಸಾಮಾನು ಎಂದು ಕಡಿಮೆ ಬೆಲೆಗೆ ಬರುವ ಪ್ಯಾಕಿನಲ್ಲಿ ಬಿಡಿ ಬಿಡಿ ವಸ್ತುವಿನ ಮೇಲೆ ಯಾವ ಗುರುತೂ ಇರುವುದಿಲ್ಲ, ಹೊರಗಿನ ಪ್ಲಾಸ್ಟಿಕ್ಕಿನಲ್ಲೂ ಹೆಚ್ಚಾಗಿ ಇರುವುದಿಲ್ಲ.

ಪ್ರಶ್ನೆ (ವರ್ಕಾಡಿ): ಮೊಮ್ಮಕ್ಕಳ ಚೀಲಕ್ಕೆ ನಾನು ಮನೆಯ ಕುಸ್ವಾರನ್ನೇ ಹಾಕಬೇಕೆಂದಿದ್ದೇನೆ. ಎರಡು, ಮೂರೂವರೆ ಮತ್ತು ಆರು ವರ್ಷ.

ಮಕ್ಕಳ ವೈದ್ಯೆ: ಹಾಕಿ ಅಮ್ಮಾ, ಅಂಗಡಿಯ ಚಾಕಲೇಟಿಗಿಂತ ಚಂದ. ಗುಳಿಯೊ ಮಾತ್ರ ಆರು ವರ್ಷದವರಿಗೇ ಇರಲಿ. ಗೋಲಿಯಷ್ಟು ದಪ್ಪ, ದುಂಡಗೆ, ಗಟ್ಟಿ. ದವಡೆ ಹಲ್ಲು ಬಲಿಯದ ಮಕ್ಕಳು ಅಗಿಯದೆ ಹಾಗೇ ಹಿಂದಕ್ಕೆ ಜಾರಿಸಿಬಿಡ್ತಾರೆ. ಸಕ್ಕರೆ ಪಾಕದ ಕಿಡಿಯೊ ಕೂಡ ಚಿಕ್ಕವರಿಬ್ಬರಿಗೆ ಮುರಿದು, ಕೂರಿಸಿ ಕೊಡಿ. ಇಡೀ ಕಡಲೆಬೀಜ, ಗೇರುಬೀಜ, ಚಿಕ್ಕಿ, ಗಟ್ಟಿ ಪೆಪ್ಪರ್‌ಮಿಂಟು, ಚೀಪಿ ಎಳೆಯುವ ಜೆಲ್ಲಿ ಕಪ್ ನಾಲ್ಕು ವರ್ಷದವರೆಗೆ ಬೇಡ. ಎಳ್ಳು ಕಾಯಿಯ ಹೂರಣದ ನೆವ್ರಿ, ರೋಸ್ ಕುಕ್ಕೀಸ್ ಆಗ್ತದೆ. ಓಡಾಡ್ತಾ ತಿನ್ನಲಿಕ್ಕೆ ಮಾತ್ರ ಬಿಡಬೇಡಿ.

ರಾತ್ರಿಯೇ ತಿಂಡಿ ಹಾಕಿಟ್ಟರೆ ಬೆಳಿಗ್ಗೆಗೆ ಇರುವೆ ಸಾಲು ನಕ್ಷತ್ರದ ವಯರಿನ ಮೇಲೇ ಹತ್ತಿ ಬಂದಿರ್ತದೆ. ತಿಂಡಿಯನ್ನು ಮುಚ್ಚಳ ಬಿಗಿಯಾದ ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಸೇರಿಸಿ. ಕುಸ್ವಾರ್ ಮೆತ್ತಗಾಗುವುದೂ ತಪ್ಪುತ್ತದೆ.

ಯಾರಿಗಾದರೂ ಗಂಟಲಿಗೆ ಸಿಕ್ಕಿ ಕೆಮ್ಮಲೂ ಅಳಲೂ ಆಗದಿದ್ದರೆ: ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಒತ್ತು. ವಸ್ತು ಹೊರಬರುವವರೆಗೆ ಹೀಗೇ ಮುಂದುವರಿಸಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಶಿಶುವಿಗೆ ಹೊಟ್ಟೆ ಒತ್ತಬಾರದು, ಬೆನ್ನಿಗೆ ಐದು ಏಟಿನ ಬಳಿಕ ಎದೆಗೆ ಐದು ಒತ್ತು. ಕಣ್ಣಿಗೆ ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ. ಇನ್ನೂ ಒಳಕ್ಕೆ ಹೋಗ್ತದೆ.

ಪ್ರಶ್ನೆ (ಕಯ್ಯಾರು): ನಮ್ಮ ಇಗರ್ಜಿಯ ಸಂಡೆ ಸ್ಕೂಲಿನಲ್ಲಿ ಮೂರರಿಂದ ಆರು ವರ್ಷದ 40 ಮಕ್ಕಳು. ತಲಾ 60 ರೂಪಾಯಿ ಮೀರಬಾರದು. ಟೀಚರ್, ಏನಾದರೂ ದಾರಿ ಹೇಳಿ.

ಅಂಗನವಾಡಿ ಟೀಚರ್: ದಪ್ಪ ಕ್ರೇಯಾನ್ ನಾಲ್ಕು ಬಣ್ಣ, ಮನೆಯಲ್ಲೇ ಮಾಡಿದ ಹಿಟ್ಟಿನ ಮಣ್ಣು ಒಂದು ಉಂಡೆ, ಒಂದು ಕಿತ್ತಳೆ. ದುಡ್ಡು ಉಳಿದರೆ ಪ್ರಥಮ್ ಬುಕ್ಸ್‌ನಂಥ ಪ್ರಕಾಶಕರ ತೆಳ್ಳನೆಯ ಕನ್ನಡ ಚಿತ್ರಪುಸ್ತಕ. ಇಬ್ಬರಿಗೊಂದು ಬೇರೆ ಬೇರೆ ತಂದು ಆಮೇಲೆ ಬದಲಾಯಿಸಿಕೊಳ್ಳಲಿ. ಸಪೂರ ಕ್ರೇಯಾನ್ ಮೂರು ವರ್ಷದವರ ಮುಷ್ಟಿಯಲ್ಲಿ ಮೊದಲ ದಿನವೇ ತುಂಡಾಗ್ತದೆ.

ಹಿಟ್ಟಿಗೆ: ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ನೀರು 2 ಕಪ್, ಎಣ್ಣೆ 2 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ. ಮೊದಲು ಬಿಸಿನೀರಿನಲ್ಲಿ ಉಪ್ಪು ಆದಷ್ಟು ಕರಗಿಸಿ, ಇಲ್ಲದಿದ್ದರೆ ಹಿಟ್ಟು ತರಿತರಿಯಾಗ್ತದೆ. ತಣಿದ ಮೇಲೆ ಮೈದಾ, ಎಣ್ಣೆ, ನಿಂಬೆರಸ ಸೇರಿಸಿ ಗಂಟಿಲ್ಲದಂತೆ ಕಲಸಿ, ಅಡಿ ದಪ್ಪದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಾಣಲೆಯ ಬದಿ ಬಿಟ್ಟು ಒಂದೇ ಮುದ್ದೆಯಾದಾಗ ಇಳಿಸಿ. ಅಂಟಾಗಿದ್ದರೆ ಬೆಂದಿಲ್ಲ ಎಂದರ್ಥ, ಮೈದಾ ಸುರಿಯಬೇಡಿ, ಮತ್ತೆರಡು ನಿಮಿಷ ಬೇಯಿಸಿ. ಬಣ್ಣ ಆಮೇಲೆ ನಾದಿ. ಅರಸಿನ ಚೆನ್ನಾಗಿ ನಿಲ್ತದೆ, ಬೀಟ್‌ರೂಟ್ ಕಂದಿಹೋಗ್ತದೆ. 60 ಗ್ರಾಮಿನಂತೆ 14-15 ಉಂಡೆ ಬರ್ತದೆ, ಹಾಗಾಗಿ 40 ಮಕ್ಕಳಿಗೆ ಮೂರು ಸಲ ಮಾಡಬೇಕು. ಪೂರ್ತಿ ತಣಿದ ಮೇಲೆ ಕಟ್ಟಿ. ಬಿಸಿಯಿರುವಾಗ ಕಟ್ಟಿದರೆ ಒಳಗೆ ಬೆವರಿ ಬೂಸ್ಟು ಹಿಡೀತದೆ.

ಮಕ್ಕಳ ವೈದ್ಯೆ: ಒಂದು ಉಂಡೆಯಲ್ಲಿ ಸುಮಾರು 15-20 ಗ್ರಾಂ ಉಪ್ಪು ಇರ್ತದೆ. ಪುಟ್ಟ ಮಗು ಅಷ್ಟನ್ನೂ ತಿಂದರೆ ರಕ್ತದಲ್ಲಿ ಉಪ್ಪಿನಂಶ ಅಪಾಯಕ್ಕೇರ್ತದೆ. ಉಂಡೆಯ ಮೇಲೆ "ತಿನ್ನಬಾರದು" ಎಂದು ಚೀಟಿ ಅಂಟಿಸಿ, ಮನೆಯವರಿಗೂ ಬಾಯಲ್ಲಿ ಹೇಳಿ.

ಪ್ರಶ್ನೆ (ಬದಿಯಡ್ಕ): ಚೀಲ ನಾವೇ ಹೊಲಿಯುವುದಾದರೆ ಅಳತೆ?

ಅಂಗನವಾಡಿ ಟೀಚರ್: ಉದ್ದ 40 ಸೆಂ.ಮೀ., ಬಾಯಿ 18 ಸೆಂ.ಮೀ., ಹೊಲಿಗೆಗೆ ಸುತ್ತ 1 ಸೆಂ.ಮೀ. ಬಿಡಿ. ಅರ್ಧ ಮೀಟರ್ ಕಾಟನ್ ಒಂದಕ್ಕೆ ಸಾಕು. ತೂಗುಹಾಕುವ ಪಟ್ಟಿ 12 ಸೆಂ.ಮೀ. ಕತ್ತರಿಸಿ ಮಡಚಿ ಹೊಲಿಯಿರಿ, ಮಗುವಿನ ತಲೆ ತೂರುವಷ್ಟು ದೊಡ್ಡ ಕುಣಿಕೆ ಬೇಡ. ಗೆಜ್ಜೆ, ಮಿಂಚಿನ ಬಿಲ್ಲೆ, ಗುಂಡಿ ಹೊಲಿಯಬೇಡಿ. ದೊಡ್ಡವರ ಹೆಗಲೆತ್ತರದ ಕಿಟಕಿ ಸರಳಿಗೆ ಕಟ್ಟಿ. ತೊಟ್ಟಿಲಿಗೆ, ಮೇಣದಬತ್ತಿಯ ಹತ್ತಿರ ಬೇಡ. ತುಂಬುವಾಗ ಕಾಲಿನ ತುದಿಗೆ ಕಿತ್ತಳೆ. ಸಂತ ನಿಕೊಲಾಸರು ಬಡವರ ಮನೆಗೆ ಹಾಕಿದ ಚಿನ್ನದ ನೆನಪು ಅದು, ಚೀಲಕ್ಕೆ ಆಕಾರವೂ ಬರ್ತದೆ. ಭಾರದ್ದು ಅದರ ಮೇಲೆ, ಪುಸ್ತಕ ಸುತ್ತಿ ಉದ್ದಕ್ಕೆ.

ಪ್ರಶ್ನೆ (ಪೈವಳಿಕೆ): ಆರು ವರ್ಷದ ಮಗನಿಗೆ ಚೆನ್ನೆಮಣೆ ಆಡಲಿಕ್ಕೆ ಮಂಜೊಟ್ಟಿ ಕಾಯಿ ಪೊಟ್ಟಣ ಕಟ್ಟಿ ಹಾಕುವಾ ಅಂತ. ಮನೆಯಲ್ಲಿ ಬೇರೆ ಚಿಕ್ಕ ಮಕ್ಕಳಿಲ್ಲ.

ಮಕ್ಕಳ ವೈದ್ಯೆ: ಒಳ್ಳೆಯ ಯೋಚನೆ. 14 ಗುಳಿಗೆ ನಾಲ್ಕರಂತೆ 56 ಕಾಯಿ ಎಣಿಸಿ, ಬಿಗಿ ಡಬ್ಬಿಯಲ್ಲಿ ಹಾಕಿ. ಆಟ ಮುಗಿದಾಗ ಅವನೇ 56 ಎಣಿಸಿ ಮುಚ್ಚಲಿ. ಹಬ್ಬಕ್ಕೆ ಬರುವ ನೆಂಟರಲ್ಲಿ ಪುಟ್ಟ ಮಕ್ಕಳಿದ್ದರೆ ಅವರು ಹೋಗುವವರೆಗೆ ಡಬ್ಬಿ ಕಪಾಟಿನಲ್ಲಿರಲಿ. ಒಂದೊಂದು ಕಾಯನ್ನೂ ಬೆಳಕಿಗೆ ಹಿಡಿದು ನೋಡಿ: ಪೂರ್ತಿ ಕೆಂಪು ಇರುವುದು ಮಂಜೊಟ್ಟಿ. ಕೆಂಪಿನ ತುದಿಗೆ ಕಪ್ಪು ಚುಕ್ಕೆ ಇದ್ದರೆ ಅದು ಗುಲಗಂಜಿ. ಜಗಿದರೆ ಒಂದೆರಡು ಬೀಜವೂ ಮಗುವಿನ ಪ್ರಾಣಕ್ಕೆ ಕುತ್ತು ತರಬಲ್ಲ ವಿಷ ಅದರಲ್ಲಿ ಉಂಟು. ಮಣಿಸರದಲ್ಲಿ, ಅಲಂಕಾರದ ಬಾಟಲಿಯಲ್ಲಿ ಇದ್ದರೂ ಚಿಕ್ಕವರ ಕೈಗೆ ಕೊಡಬೇಡಿ.