ಸಿರಾಕ್ಯೂಸ್‌ನ ಎರಡು ಸಾಕ್ಷರತಾ ಸಂಸ್ಥೆಗಳು: ಕೂಡಿದ್ದೋ, ನುಂಗಿದ್ದೋ?

ಕರಿಹಲಗೆ:
ರೂತ್ ಕಾಲ್ವಿನ್ 2024ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ನಾನು ಓದಿದ ಶ್ರದ್ಧಾಂಜಲಿಗಳೆಲ್ಲ 1962ನ್ನು ಹಾಡಿ ಹೊಗಳಿದವು, 2002ನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟವು. ತಿಳಿಯದವರಿಗಾಗಿ ಹೇಳುತ್ತೇನೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಎಂಬ ಒಂದೇ ಊರಿನಲ್ಲಿ ವಯಸ್ಕರಿಗೆ ಓದು ಕಲಿಸುವ ಎರಡು ದೊಡ್ಡ ಸಂಸ್ಥೆಗಳಿದ್ದವು. ಫಿಲಿಪ್ಪೀನ್ಸ್‌ನ ಮಿಂಡನಾವೊದಲ್ಲಿ ಅಕ್ಷರ ಕಲಿಸಿ ಹೆಸರಾದ ಮಿಷನರಿ ಫ್ರಾಂಕ್ ಲಾಬಾಕ್ 1955ರಲ್ಲಿ ಕಟ್ಟಿದ್ದು ಲಾಬಾಕ್ ಲಿಟರಸಿ. ತನ್ನದೇ ಊರಿನಲ್ಲಿ ಓದಲಾರದ ವಯಸ್ಕರು ಹನ್ನೊಂದು ಸಾವಿರಕ್ಕೂ ಹೆಚ್ಚು ಎಂಬ ಜನಗಣತಿಯ ಲೆಕ್ಕ ನೋಡಿ ಬೆಚ್ಚಿದ ಗೃಹಿಣಿ ಕಾಲ್ವಿನ್ 1962ರಲ್ಲಿ ಆರಂಭಿಸಿದ್ದು ಲಿಟರಸಿ ವಾಲಂಟಿಯರ್ಸ್. 2002ರಲ್ಲಿ ಇವೆರಡೂ ಸೇರಿ ಪ್ರೊಲಿಟರಸಿ ಆಯಿತು. ಎಲ್ಲರೂ ಇದನ್ನು ವಿಲೀನ ಎನ್ನುತ್ತಾರೆ. ನನ್ನ ಪ್ರಕಾರ ಇದು ನುಂಗಿದ್ದು. ನ್ಯೂ ರೀಡರ್ಸ್ ಪ್ರೆಸ್ ಎಂಬ ದೊಡ್ಡ ಪ್ರಕಾಶನವಿದ್ದ ಲಾಬಾಕ್ ಕಡೆಯವರು ಗೆದ್ದರು. ಚಿತ್ರದ ಜೊತೆ ಅಕ್ಷರ ಕಲಿಸುವ ಲಾಬಾಕ್‌ರ ಅಕ್ಷರಪಟ ಗೆದ್ದಿತು, ಕಾಲ್ವಿನ್ ಪಾಠವಾಗಿಸುತ್ತಿದ್ದ ಕಲಿಯುವವನ ಮಾತು ಸೋತಿತು.

ಲೆಕ್ಕಪತ್ರ:
"ದೊಡ್ಡ ಪ್ರಕಾಶನ" ಎಂದು ಬೈಗುಳದಂತೆ ಬರೆದಿದ್ದೀರಿ. ಪುಸ್ತಕ ಮಾರಿ ಬರುವ ಹಣವಿದ್ದರೆ ದಾನಿಗಳ ಬಾಗಿಲಲ್ಲಿ ನಿಲ್ಲುವುದು ಸ್ವಲ್ಪ ಕಡಿಮೆಯಾಗುತ್ತದೆ, ಅದು ಪಾಪವೇ? ಒಂದೇ ಊರಿನಲ್ಲಿ ಎರಡು ಕಚೇರಿ, ಎರಡು ಆಡಳಿತ ಮಂಡಳಿ, ಎರಡು ಸಂಬಳದ ಪಟ್ಟಿ, ಕೈಚಾಚುವುದು ಅದೇ ದಾನಿಗಳ ಮುಂದೆ. 1993ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ, ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ವಯಸ್ಕರು ಓದಿನ ಅತಿ ಕೆಳಗಿನ ಮಟ್ಟದಲ್ಲಿದ್ದಾರೆ ಎಂದಿತು. 1998ರ ಕಾಯ್ದೆ, ಸರ್ಕಾರದ ಹಣ ಪಡೆಯುವವರು ಪ್ರಗತಿಯನ್ನು ಅಳೆದು ತೋರಿಸಬೇಕೆಂದಿತು. ಎರಡು ಬಡಕಲು ಎತ್ತುಗಳು ಬೇರೆ ಬೇರೆ ಗಾಡಿ ಎಳೆಯುವುದಕ್ಕಿಂತ ಒಂದೇ ನೊಗಕ್ಕೆ ಬಂದದ್ದು ಸರಿಯಾಯಿತು.

ಮಲೆನಾಡಿಗ:
"ಒಂದೇ ನೊಗ". ಈ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ ಸ್ವಾಮಿ. 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಮೈಸೂರು ಬ್ಯಾಂಕ್ ಈಗ ಉಳಿದಿರುವುದು ಬೆಂಗಳೂರಿನ ಸರ್ಕಲ್ಲಿನ ಹೆಸರಿನಲ್ಲಿ, ಬಸ್ ಕಂಡಕ್ಟರ್ ಕೂಗುವಾಗ.

ದೂರದೂರು:
ಬ್ಯಾಂಕಿನ ಹೋಲಿಕೆ ಇಲ್ಲಿ ಸಲ್ಲದು. ನಾನು ಸಿರಾಕ್ಯೂಸ್‌ಗೆ ಒಂದು ಗಂಟೆಯ ದಾರಿಯಲ್ಲಿದ್ದೇನೆ. ಬ್ಯಾಂಕಿನ ಶಾಖೆಗಳ ಹಾಗೆ ಇಲ್ಲಿ ಒಂದೇ ರಾತ್ರಿ ಬೋರ್ಡು ಬದಲಾಗಲಿಲ್ಲ. ಊರೂರಿನ ಘಟಕಗಳು ಸ್ವತಂತ್ರ ಸಂಸ್ಥೆಗಳು, ಕೇಂದ್ರಕ್ಕೆ ಸದಸ್ಯರು ಅಷ್ಟೇ. ಹಾರ್ಟ್‌ಫರ್ಡ್, ನ್ಯೂ ಹೇವನ್ ಕಡೆಯ ಘಟಕಗಳು ವಿಲೀನದ ಎಷ್ಟೋ ವರ್ಷಗಳ ನಂತರವೂ ಲಿಟರಸಿ ವಾಲಂಟಿಯರ್ಸ್ ಎಂಬ ಹೆಸರಿನಲ್ಲೇ ನಡೆದವು. ಕಾಲ್ವಿನ್ ಹೊಸ ಸಂಸ್ಥೆಯ ಮಂಡಳಿಯಲ್ಲೂ ಇದ್ದರು. ವಿಲೀನವಾಗಿ ನಾಲ್ಕು ವರ್ಷಕ್ಕೆ, 2006ರಲ್ಲಿ, ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ನುಂಗಿಸಿಕೊಂಡವರು ಹೀಗಿರುತ್ತಾರೆಯೇ? ಇನ್ನೊಂದು ವಿಷಯ. ಕಾಲ್ವಿನ್ ಅಕ್ಷರದ ವೈರಿಯಾಗಿರಲಿಲ್ಲ. ಅವರು ಸ್ವಯಂಸೇವಕರಿಗೆ ಕೊಡುತ್ತಿದ್ದ ತರಬೇತಿಯಲ್ಲಿ ಕಲಿಯುವವನ ಅನುಭವದ ಕಥೆ, ನೋಡಿ ಗುರುತಿಸುವ ಪದ, ಅಕ್ಷರದ ಧ್ವನಿ, ಪದಗಳ ಮಾದರಿ ನಾಲ್ಕೂ ಇದ್ದವು.

ಕರಿಹಲಗೆ:
ಪದಕ ಕೊಟ್ಟವರು ಅಮೆರಿಕದ ಅಧ್ಯಕ್ಷರು, ಪ್ರೊಲಿಟರಸಿ ಅಲ್ಲ. ಅದು ಹೇಗೆ ಸಾಕ್ಷ್ಯವಾಯಿತೋ ತಿಳಿಯದು. ಲಾಬಾಕ್‌ಗೂ 1984ರಲ್ಲಿ ಅಂಚೆ ಚೀಟಿ ಬಂತು, ಮೂವತ್ತು ಸೆಂಟಿನದು. ಅಂಚೆ ಇಲಾಖೆ ಇವರ ಪಕ್ಷ ಎನ್ನೋಣವೇ?

ಸೀತಾಳೆ:
"ಅಕ್ಷರದ ಧ್ವನಿ"ಯನ್ನು ನಾಲ್ಕರಲ್ಲಿ ಒಂದಾಗಿ ಇಡುವುದಕ್ಕೂ ಅದರಿಂದಲೇ ಆರಂಭಿಸುವುದಕ್ಕೂ ಅಜಗಜಾಂತರವಿದೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನು ಎರಡು ವರ್ಷ ರಾತ್ರಿ ಕೇಂದ್ರ ನಡೆಸಿದವಳು. ಕೇಂದ್ರಕ್ಕೆ ಬರುತ್ತಿದ್ದವರು ನಿಂಗಮ್ಮ, ತಿಮ್ಮಕ್ಕ, ಪುಟ್ಟಮ್ಮ ಇಂಥ ಹೆಸರಿನವರೇ. ಅವರಿಗೆ ಬೇಕಾಗಿದ್ದದ್ದು ಒಂದೇ: ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತದೆ ಹೆಸರು ಬರೆಯುವುದು. ಶಾಲೆಯ ಕ್ರಮದಲ್ಲಿ ರ, ಗ, ಸ, ದ, ಅ ಎಂದು ಹೊರಟರೆ ಒತ್ತಕ್ಷರ ಬರುವುದು ಎಲ್ಲಕ್ಕಿಂತ ಕೊನೆಗೆ. ಪುಟ್ಟಮ್ಮನ ಹೆಸರಿನ ಮೂರು ಅಕ್ಷರಗಳಲ್ಲಿ ಎರಡು ಒತ್ತಕ್ಷರ! ಅಷ್ಟು ತಿಂಗಳು ಅವಳು "ಗರಗಸ" ಬರೆಯುತ್ತಾ ಕೂರಬೇಕೇ? ಯಾರ ಬದುಕಿನಲ್ಲಿ ಗರಗಸವಿದೆ?

ಮಲೆನಾಡಿಗ:
ನಮ್ಮ ಅಪ್ಪ ಬಡಗಿ. ಗರಗಸ ಹಿಡಿದೇ ನಮ್ಮನ್ನು ಓದಿಸಿದರು. ಯಾರ ಬದುಕಿನಲ್ಲಿ ಎಂದು ಕೇಳುವ ಮೊದಲು ಯೋಚಿಸಿ ಮೇಡಂ.

ಆ ಕ್ರಮವನ್ನು ಮಾಡಿದವರು ದಡ್ಡರಲ್ಲ. ಅ, ಆ, ಇ, ಈ ಎಂದು ಮಾಲೆ ಪೂರ್ತಿ ಬಾಯಿಪಾಠ ಮಾಡಿಸಿದರೆ ತಿಂಗಳಾದರೂ ಒಂದು ಪದ ಓದಲಾಗದು. ರ, ಗ, ಸ, ದ, ಅ ಬರೆಯಲು ಸುಲಭ, ಕಾಗುಣಿತ ಬೇಕಿಲ್ಲ, ಒತ್ತು ಬೇಕಿಲ್ಲ. ಆ ಐದು ಬಂದ ದಿನವೇ ಅರಸ, ಅಗಸ, ಸರ, ದರ, ರಸ, ಗರಗಸ, ದಸರ ಎಂದು ಏಳು ಪದ ಓದಬಹುದು. ಲಾಬಾಕ್ ಪಟದ ಗುಟ್ಟೂ ಅದೇ. 'ಬರ್ಡ್' ಪದದ ಹಕ್ಕಿಯ ಚಿತ್ರದ ಮೇಲೆಯೇ 'ಬಿ' ಅಕ್ಷರ ಕೂರುತ್ತದೆ, ಆಮೇಲೆ ಕಪ್, ಡಿಶ್, ಫಿಶ್, ಹ್ಯಾಂಡ್. ಕಣ್ಣಿಗೆ ಕಂಡದ್ದು ಬಾಯಿಗೆ ಬರುತ್ತದೆ.

ಸೀತಾಳೆ:
ನಿಮ್ಮ ತಂದೆಯ ಕಸುಬಿನ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. "ಬರೆಯಲು ಸುಲಭ" ಎಂದಿರಿ, ಯಾರಿಗೆ ಸುಲಭ? ಹೆಸರಿನಿಂದ ಹೊರಟರೆ ಅದೇ ಹೆಸರಿನ ಅಕ್ಷರಗಳನ್ನು ಒಡೆದು ಕಲಿಸಬಹುದು. ಕಾಲ್ವಿನ್ ಮಾಡಿದ್ದೂ ಹತ್ತಿರ ಹತ್ತಿರ ಅದೇ: ಕಲಿಯುವವನು ತನ್ನ ಕಥೆ ಹೇಳುತ್ತಾನೆ, ಕಲಿಸುವವಳು ಅವನ ಮಾತಿನಲ್ಲೇ ಬರೆಯುತ್ತಾಳೆ, ಅದೇ ಅವನ ಮೊದಲ ಪಾಠ.

ಮಲೆನಾಡಿಗ:
ಹೆಸರು ಬರೆಯುವುದು ಓದಲ್ಲ, ರಂಗೋಲಿ. ಚುಕ್ಕಿ ಎಣಿಸಿ ಎಳೆದ ಹಾಗೆ ಕೈ ಅಭ್ಯಾಸದಿಂದ ಎಳೆಯುತ್ತಾರೆ. ಪಕ್ಕದ ಮನೆಯ ನಿಂಗಮ್ಮನ ಹೆಸರು ಓದಿ ಎಂದರೆ ಮುಖ ನೋಡುತ್ತಾರೆ. ಹೀಗೆ ಸಹಿ ಹಾಕುವವರನ್ನೆಲ್ಲ ಸಾಕ್ಷರರ ಪಟ್ಟಿಗೆ ಸೇರಿಸಿ ಅಭಿನಂದನಾ ಸಭೆ ಮಾಡಿದ ಊರುಗಳು ನನಗೆ ಗೊತ್ತು.

ಸೀತಾಳೆ:
ರಂಗೋಲಿ! ಹೆಂಗಸರು ಕಲಿತದ್ದನ್ನು ಕೆಳಗಿಡಲು ಒಳ್ಳೆಯ ಪದ ಹುಡುಕಿದ್ದೀರಿ. ಮೊದಲ ಸಲ ಸಹಿ ಹಾಕಿ ಸ್ಟಾಂಪ್ ಪ್ಯಾಡಿನ ಮಸಿಯಿಲ್ಲದ ಬೆರಳನ್ನು ನನಗೆ ತೋರಿಸಿದವರ ಮುಖ ನೀವು ನೋಡಿಲ್ಲ. ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೀರಿ, ಬರೆಯಿರಿ.

ಅಡಿಟಿಪ್ಪಣಿ:
ನಮ್ಮ ದೇಶದ ಜನಗಣತಿಯ ವ್ಯಾಖ್ಯೆಯಂತೆ ಏಳು ವರ್ಷ ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರಾದರೆ ಸಾಕ್ಷರರು. ಸಹಿ ಮಾತ್ರ ಬಲ್ಲವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮಲೆನಾಡಿಗರ ಮಾತು ಸರಿ, ರಂಗೋಲಿ ಎಂಬ ಉಪಮೆ ಮಾತ್ರ ಸರಿಯಿಲ್ಲ. ರಂಗೋಲಿಗೂ ಲೆಕ್ಕ ಬೇಕು.

ದೂರದೂರು:
ಇಂಗ್ಲಿಷಿನ ವಾದವನ್ನು ಕನ್ನಡಕ್ಕೆ ಹಾಗೆಯೇ ತಂದಿದ್ದರಿಂದ ಈ ಜಗಳ. ಇಂಗ್ಲಿಷಿನಲ್ಲಿ ಬರೆದಂತೆ ಉಚ್ಚಾರವಿಲ್ಲ, ಆದ್ದರಿಂದ ಅಲ್ಲಿ ಧ್ವನಿಯೋ ಪದವೋ ಎಂಬ ಪ್ರಶ್ನೆ ಏಳುತ್ತದೆ. ಲಾಬಾಕ್ ಮೊದಲು ಕೆಲಸ ಮಾಡಿದ, ಮಿಂಡನಾವೊದ ಮರನಾವೊ ಜನರ ಭಾಷೆಯನ್ನು ಒಂದು ಧ್ವನಿಗೆ ಒಂದು ಅಕ್ಷರದಂತೆ ಬರೆಯಬಹುದಿತ್ತು. ಅಲ್ಲಿ ಪಟ ಬೇಗ ಫಲ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಮಲೆನಾಡಿಗ:
"ಬೇಗ ಫಲ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ". ಅಂದರೆ ಒಪ್ಪಿಕೊಂಡಿರಿ. ಕನ್ನಡವೂ ಬರೆದಂತೆ ಓದುವ ಭಾಷೆಯೇ. ಮುಗಿಯಿತಲ್ಲ?

ದೂರದೂರು:
ನಾನು ಏನನ್ನೂ ಒಪ್ಪಿಕೊಂಡಿಲ್ಲ.

ಅಡಿಟಿಪ್ಪಣಿ:
ಲಾಬಾಕ್ ಹೆಸರಿಗೆ ಅಂಟಿಸಿರುವ "ಒಬ್ಬರು ಒಬ್ಬರಿಗೆ ಕಲಿಸಿ" ಎಂಬ ಘೋಷಣೆಯೂ ಅವರ ತಲೆಯಲ್ಲಿ ಹುಟ್ಟಿದ್ದಲ್ಲ. ಶಿಕ್ಷಕರಿಗೆ ಸಂಬಳ ಕೊಡಲು ಹಣ ನಿಂತುಹೋದಾಗ, ಕಲಿತವನು ಇನ್ನೊಬ್ಬನಿಗೆ ಕಲಿಸದಿದ್ದರೆ ಕೊಲ್ಲುತ್ತೇನೆ ಎಂದು ಮರನಾವೊ ಮುಖಂಡನೊಬ್ಬ ಅಪ್ಪಣೆ ಮಾಡಿದ ಕಥೆ ಪ್ರಸಿದ್ಧ. ಲಾಬಾಕ್ ಅದರಿಂದ ಕೊಲ್ಲುವ ಭಾಗವನ್ನು ತೆಗೆದು ಉಳಿದದ್ದನ್ನು ಜಗತ್ತಿಗೆ ಹಂಚಿದರು.

ಲೆಕ್ಕಪತ್ರ:
ದಯವಿಟ್ಟು. ಪುಟ್ಟಮ್ಮನ ಒತ್ತಕ್ಷರಕ್ಕೂ ಸಿರಾಕ್ಯೂಸ್‌ನ ಆಡಳಿತ ಮಂಡಳಿಗೂ ಏನು ಸಂಬಂಧ? ನಾನು ಕೇಳಿದ್ದು ಒಂದೇ ಪ್ರಶ್ನೆ: ಎರಡು ಕಚೇರಿಯ ಖರ್ಚು ಉಳಿಯಿತೋ ಇಲ್ಲವೋ? ಒಬ್ಬರೂ ಮುಟ್ಟಲಿಲ್ಲ.

ಕರಿಹಲಗೆ:
"ಖರ್ಚು ಉಳಿಯಿತೋ" ಎಂಬುದೊಂದೇ ಪ್ರಶ್ನೆಯಾದಾಗಲೇ ಸಂಸ್ಥೆ ಸತ್ತ ಹಾಗೆ. ಕಾಲ್ವಿನ್ ಹೊರಟದ್ದು ಉಳಿತಾಯದ ಲೆಕ್ಕ ನೋಡಿ ಅಲ್ಲ, ಜನಗಣತಿಯ ಲೆಕ್ಕ ನೋಡಿ. ಎರಡು ದಾರಿಗಳಿದ್ದರೆ, ಒಂದರಲ್ಲಿ ಕಲಿಯಲಾಗದವನು ಇನ್ನೊಂದರ ಬಾಗಿಲು ತಟ್ಟುತ್ತಿದ್ದ. ಈಗ ಇರುವುದು ಒಂದು ಬಾಗಿಲು.

ದೂರದೂರು:
"ಒಂದು ಬಾಗಿಲು" ಎನ್ನುತ್ತೀರಿ. ಸದಸ್ಯ ಸಂಸ್ಥೆಗಳೇ ಸುಮಾರು ಸಾವಿರ ಇವೆ. ಯಾವ ಪುಸ್ತಕ, ಯಾವ ವಿಧಾನ ಎಂದು ಆಯಾ ಊರಿನವರೇ ಆರಿಸಿಕೊಳ್ಳುತ್ತಾರೆ. ನಾನು ವಾರಕ್ಕೊಮ್ಮೆ ಕಲಿಸುವ ಕಡೆ ಎರಡೂ ಬಗೆಯ ಪುಸ್ತಕಗಳು ಒಂದೇ ಕಪಾಟಿನಲ್ಲಿವೆ.

ಕರಿಹಲಗೆ:
ಕಪಾಟಿನಲ್ಲಿ ಇರುವುದಕ್ಕೂ ಕೈಗೆ ಬರುವುದಕ್ಕೂ ವ್ಯತ್ಯಾಸವಿದೆ.

ಸೀತಾಳೆ:
ಕರಿಹಲಗೆ ಸಾರ್, ನಿಮ್ಮ ಪಕ್ಷ ವಹಿಸಿ ಇಷ್ಟು ಹೊತ್ತು ವಾದಿಸಿದವಳು ನಾನು. ಆದರೂ ಹೇಳುತ್ತೇನೆ, ಎರಡು ಸಂಸ್ಥೆಗಳಿದ್ದರೆ ಒಳ್ಳೆಯದು ಎಂಬುದು ಹಳ್ಳಿ ನೋಡದವರ ಮಾತು. ನಮ್ಮಲ್ಲಿ ಒಂದೇ ಬೀದಿಯಲ್ಲಿ ಇಬ್ಬರು ಕೇಂದ್ರ ತೆರೆದು, ಒಂದೇ ಹೆಂಗಸಿನ ಹೆಸರನ್ನು ಇಬ್ಬರೂ ತಮ್ಮ ಹಾಜರಿಗೆ ಬರೆದುಕೊಂಡಿದ್ದರು.

ಲೆಕ್ಕಪತ್ರ:
ಕೇಳಿದಿರಾ? ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಸೀತಾಳೆ:
ನಾನು ಹೇಳಿದ್ದು ನಿಮಗಲ್ಲ.

ಅಡಿಟಿಪ್ಪಣಿ:
ಮೇಲೆ ಬಿಟ್ಟುಹೋದದ್ದು: "ದಸರ" ತಪ್ಪು. ದಸರಾ ಎಂಬಲ್ಲಿ ರಾ ದೀರ್ಘ, ಅದಕ್ಕೆ ಕಾಗುಣಿತ ಬೇಕು. ಆದ್ದರಿಂದ ಐದು ಅಕ್ಷರಕ್ಕೆ ಏಳು ಪದವಲ್ಲ, ಆರು.

ಮಲೆನಾಡಿಗ:
ಅಗರ ಸೇರಿಸಿಕೊಳ್ಳಿ. ಏಳಾಯಿತು.

ಅಡಿಟಿಪ್ಪಣಿ:
ಅದು ಊರಿನ ಹೆಸರು.

ಮಲೆನಾಡಿಗ:
ಊರಿನ ಹೆಸರು ಓದಲು ಬಂದರೆ ಬಸ್ಸಿನ ಬೋರ್ಡು ಓದಲು ಬಂದ ಹಾಗೆ. ಇನ್ನೇನು ಬೇಕು ನಿಮಗೆ?