ಅಪ್‌ಡೇಟ್: ಆ ಹಳೇ ಸ್ಕೂಲ್ ಬಸ್ ಕೊನೆಗೂ ಮನೆಗೆ ಬಂತು

ಹಳೇ ಸ್ಕೂಲ್ ಬಸ್ ಕೊಂಡು ಒಳಗೆ ಮಂಚ, ಅಡುಗೆ ಕಟ್ಟೆ ಮಾಡಿಸಬಹುದಾ ಅಂತ ಕೇಳಿದ್ದೆನಲ್ಲ, ಕೊಂಡೇಬಿಟ್ಟೆ. ನೀವು ಹೇಳಿದ ಹಾಗೆ ಮೊದಲು ಕೆಳಗೆ ನುಗ್ಗಿ ಚಾಸಿ, ಅಂದರೆ ಬಸ್ಸಿನ ಅಡಿಯ ಚೌಕಟ್ಟು, ನೋಡಿದೆ, ಗಟ್ಟಿ ಇತ್ತು. ಆದರೆ ಮ್ಯಾಟ್ ಎತ್ತಿದರೆ ಹಿಂದಿನ ಚಕ್ರದ ಮೇಲಿನ ತಗಡಿಗೆ ಸ್ಕ್ರೂಡ್ರೈವರ್ ತಾಗಿಸಿದ್ದಷ್ಟೇ, ಹಪ್ಪಳದ ಥರ ಪುಡಿಯಾಯಿತು, ಪಕ್ಕದಲ್ಲೇ ಎರಡು ತುಂಡು ಪೆನ್ಸಿಲ್ ಬೇರೆ. ಟಿಂಕರಿಂಗ್‌ಗೇ ಮೂರು ವಾರ ಹೋಯಿತು. ಇಂಜಿನ್‌ಗೆ ಆಯಿಲ್, ಫಿಲ್ಟರ್, ಬೆಲ್ಟ್ ಅಷ್ಟೇ. ತಲೆನೋವು ಜಾಸ್ತಿ ಇರೋದು ಕಾಗದದ್ದು. ಸುಮ್ನೆ ಸೀಟು ತೆಗೆದು ಮಂಚ ಕೂರಿಸುವ ಹಾಗಿಲ್ಲ, ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು, ಆಮೇಲೆ ಆರ್‌ಸಿಯಲ್ಲೂ ಬರೆಸಬೇಕು. ಅದಕ್ಕೇ ಹಳದಿ ಬಣ್ಣ ಇನ್ನೂ ಹಾಗೇ ಇದೆ. ನಿನ್ನೆ ಗ್ಯಾರೇಜಿನಿಂದ ತರುವಾಗ ಬ್ಯಾಗ್ ಹಾಕಿಕೊಂಡಿದ್ದ ಹುಡುಗನೊಬ್ಬ ಕೈ ಅಡ್ಡ ಹಾಕಿದ.